ಪೂರ್ವಪಕ್ಷ ಕಟ್ಟಬಲ್ಲವರಿಗೆ ಕೆಲಸವಿದೆ

ಐಎಎಸ್ ಪರೀಕ್ಷೆಗೆ ಕೂರುವವರಲ್ಲಿ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವವರಿದ್ದಾರೆ; ಪಠ್ಯ ಚಿಕ್ಕದು, ಬೇಗ ಮುಗಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಎರಡು ಪತ್ರಿಕೆ, 500 ಅಂಕ. 2013ರಿಂದ ಮುಖ್ಯ ಪರೀಕ್ಷೆ ಬರೆಯುವ ಎಲ್ಲರಿಗೂ 250 ಅಂಕಗಳ ನೀತಿಶಾಸ್ತ್ರದ ಪತ್ರಿಕೆ ಬೇರೆ ಇದೆ. ಆದರೆ ಇದೇ ವಿಷಯವನ್ನು ಬಿಎಯಲ್ಲಿ ಓದುತ್ತೇನೆಂದು ಮಗಳು ಹೇಳಿದರೆ, ಅದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಮನೆಯವರು ಕೇಳುತ್ತಾರೆ. ಸಾಲ ಮಾಡಿ ಓದಿಸುವವರು ಕೇಳಲೇಬೇಕಾದ ಪ್ರಶ್ನೆ ಅದು. ತುಂಬುತ್ತದೆ ಎಂದೇ ನನ್ನ ಉತ್ತರ. ಆದರೆ ಅದನ್ನು ಉರುಹೊಡೆಯದೆ, ವಾದ ಕಟ್ಟುವ ಮತ್ತು ವಾದವನ್ನು ಪರೀಕ್ಷಿಸುವ ಅಭ್ಯಾಸವಾಗಿ ಓದಿರಬೇಕು.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷ ಬರುತ್ತದೆ. ಎದುರಾಳಿಯೇ ಒಪ್ಪುವಷ್ಟು ಗಟ್ಟಿಯಾಗಿ ಅವನ ವಾದವನ್ನು ಮಂಡಿಸಿದ ಮೇಲೆಯೇ ಖಂಡಿಸುವ ಹಕ್ಕು. ನ್ಯಾಯದರ್ಶನ ಇನ್ನೂ ಮುಂದೆ ಹೋಗಿ, ಹೇತು, ಅಂದರೆ ವಾದಕ್ಕೆ ಕೊಡುವ ಕಾರಣ, ಎಲ್ಲಿ ಕೆಡುತ್ತದೆ ಎಂಬುದನ್ನು ಹೇತ್ವಾಭಾಸಗಳೆಂದು ವಿಂಗಡಿಸಿತು. 'ಮಂಜೂರಾದ ಹಣವೆಲ್ಲ ಖರ್ಚಾಗಿದೆ, ಆದ್ದರಿಂದ ಯೋಜನೆ ಯಶಸ್ವಿ' ಎಂಬ ಟಿಪ್ಪಣಿಯೊಂದು ಕಡತದಲ್ಲಿದೆ ಎಂದುಕೊಳ್ಳಿ. ಸೋತ ಯೋಜನೆಯಲ್ಲೂ ಹಣ ಪೂರ್ತಿ ಖರ್ಚಾಗಿರಬಹುದು. ಹೇತು ಎರಡೂ ಕಡೆ ಸಲ್ಲುವ ಈ ದೋಷವೇ ಸವ್ಯಭಿಚಾರ. ಇದನ್ನು ಸಹಿ ಹಾಕುವ ಮೊದಲೇ ಹಿಡಿಯಬಲ್ಲ ಅಧಿಕಾರಿ, ವಕೀಲ, ಆಡಿಟರ್, ಸಂಪಾದಕ ಯಾವ ಕಚೇರಿಗೆ ಬೇಡ? ತಂತ್ರಜ್ಞಾನಕ್ಕೂ ತತ್ತ್ವಶಾಸ್ತ್ರಕ್ಕೂ ಇರುವ ನಂಟು ಹೊಸದಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕ್ಲಾಡ್ ಶಾನನ್‌ಗೆ ಬೂಲ್‌ನ ತರ್ಕ ಪರಿಚಯವಾದದ್ದು ತತ್ತ್ವಶಾಸ್ತ್ರದ ತರಗತಿಯಲ್ಲಿ. 1937ರ ಸ್ನಾತಕೋತ್ತರ ಪ್ರಬಂಧದಲ್ಲಿ ಆತ ಅದನ್ನು ವಿದ್ಯುತ್ ಸ್ವಿಚ್ಚುಗಳಿಗೆ ಅನ್ವಯಿಸಿದ. ಇಂದಿನ ಡಿಜಿಟಲ್ ಸರ್ಕ್ಯೂಟುಗಳ ವಿನ್ಯಾಸ ಅದರ ಮೇಲೆ ನಿಂತಿದೆ.

ಕ್ಯಾಂಪಸ್ ಸಂದರ್ಶನಕ್ಕೆ ಬರುವ ಕಂಪನಿಗಳು ತತ್ತ್ವಶಾಸ್ತ್ರದವರನ್ನು ಹುಡುಕಿಕೊಂಡು ಬರುವುದಿಲ್ಲ, ನಿಜ. ಮೊದಲ ಸಂಬಳದ ಮಟ್ಟಿಗೆ ಈ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕೇ ಇದರ ಜೊತೆಗೆ ಅರ್ಥಶಾಸ್ತ್ರವನ್ನೋ ಪತ್ರಿಕೋದ್ಯಮವನ್ನೋ ಓದಬೇಕು, ಇಲ್ಲವೇ ಮುಂದೆ ಕಾನೂನಿಗೆ ಹೋಗಬೇಕು ಎನ್ನುತ್ತೇನೆ. ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮ. ಅಮೆರಿಕದ ಜಿಆರ್‌ಇ ಪರೀಕ್ಷೆಯ ಭಾಷಾ ವಿಭಾಗದಲ್ಲೂ ವಿಶ್ಲೇಷಣಾತ್ಮಕ ಬರವಣಿಗೆಯಲ್ಲೂ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಮುಂಚೂಣಿಯಲ್ಲಿರುತ್ತಾರೆ. ಆದರೆ ಜಾಣರೇ ಆ ವಿಷಯ ಆರಿಸಿಕೊಂಡರೆ ಅದರಲ್ಲಿ ವಿಷಯದ ಹೆಚ್ಚುಗಾರಿಕೆ ಏನು? ಅಲ್ಲಿನ ಇಬ್ಬರು ಸಂಶೋಧಕರು ಆರು ಲಕ್ಷಕ್ಕೂ ಹೆಚ್ಚು ಪದವಿ ವಿದ್ಯಾರ್ಥಿಗಳ ಮಾಹಿತಿ ಇಟ್ಟುಕೊಂಡು ಇದನ್ನೇ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದರು. ಜಾಣರು ಆ ಕಡೆ ಹೋಗುವುದು ಹೌದು. ಆದರೆ ಕಾಲೇಜು ಸೇರುವ ಮೊದಲಿನ ವ್ಯತ್ಯಾಸವನ್ನು ಕಳೆದರೂ ತತ್ತ್ವಶಾಸ್ತ್ರದವರ ಮುನ್ನಡೆ ಉಳಿಯಿತು.

ಈ ಲಾಭ ನಮ್ಮಲ್ಲಿ ತಾನಾಗಿ ದಕ್ಕುವುದಿಲ್ಲ. ಪರೀಕ್ಷೆಗೆ ಹತ್ತು ದಿನ ಇರುವಾಗ ಗೈಡ್ ತೆರೆದು 'ಶಂಕರರ ಮಾಯಾವಾದವನ್ನು ವಿವರಿಸಿ' ಎಂಬುದಕ್ಕೆ ಉತ್ತರ ಕಂಠಪಾಠ ಮಾಡಿದವರಿಗೆ ಪದವಿ ಸಿಗಬಹುದು, ವಿದ್ಯೆ ಕೈಗೆ ಹತ್ತುವುದಿಲ್ಲ. ಪೋಷಕರ ಅನುಮಾನಕ್ಕೂ ಅರ್ಧ ಕಾರಣ ಇಂಥ ಪಾಠವೇ. ಆಂತರಿಕ ಅಂಕಗಳನ್ನಾದರೂ ನಮ್ಮ ವಿಶ್ವವಿದ್ಯಾಲಯಗಳು ಬೇರೆ ರೀತಿ ಬಳಸಲಿ: ವಿದ್ಯಾರ್ಥಿ ತಾನು ಒಪ್ಪದ ನಿಲುವೊಂದನ್ನು ಎರಡು ಪುಟದಲ್ಲಿ ಗಟ್ಟಿಯಾಗಿ ಮಂಡಿಸಲಿ, ಮೂರನೆಯ ಪುಟದಲ್ಲಿ ಉತ್ತರಿಸಲಿ, ಆಮೇಲೆ ತರಗತಿಯ ಎದುರು ನಿಂತು ಅದನ್ನು ಸಮರ್ಥಿಸಿಕೊಳ್ಳಲಿ.