ಬೀಗದ ಕೈ ಯಾರ ಹತ್ತಿರ?

‘ತಲುಪಿತು’ ಎಂಬ ಮಾತಿನ ಮೇಲೆ ನನಗೆ ಹಳೆಯ ಸಿಟ್ಟು. ‘ಯೋಜನೆ ಹಳ್ಳಿಹಳ್ಳಿಗೂ ತಲುಪಿತು’, ‘ಪಾಠ ಪ್ರತಿ ಮಗುವಿಗೂ ತಲುಪಿತು’ ಎಂದು ಕಾಗದದಲ್ಲಿ ಕಂಡಾಗಲೆಲ್ಲ, ಹಳ್ಳಿಯಲ್ಲಿ ಯಾರ ಮನೆಗೆ, ಮನೆಯಲ್ಲಿ ಯಾರ ಕೈಗೆ ಎಂದು ಕೇಳಬೇಕೆನಿಸುತ್ತದೆ. ಕೇಳಿದರೆ, ‘ಬಾಯೋರದು ಯಾವಾಗಲೂ ಒಂದು ತಕರಾರು’ ಎನ್ನುತ್ತಾರೆ. ಇರಲಿ.

ನಮ್ಮೂರಿಗೆ ಟೀವಿ ಬಂದಾಗ ನನಗೆ ಏಳು ವರ್ಷ. ಈಗ ವಿಜಯಪುರ ಎಂದು ಕರೆಯುವ ಆಗಿನ ವಿಜಾಪುರ ಜಿಲ್ಲೆಯ ಹಳ್ಳಿ ಅದು. ಅಮೆರಿಕದವರು ಎಟಿಎಸ್-6 ಎಂಬ ತಮ್ಮ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಎರವಲು ಕೊಟ್ಟಿದ್ದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ಆ ಪ್ರಯೋಗಕ್ಕೆ ‘ಸೈಟ್’ ಎಂದು ಹೆಸರು. (ಮನೆ ಕಟ್ಟುವ ಸೈಟಲ್ಲ!) ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಪಾಲಿಗೆ ಆ ಭಾಗ್ಯ ಬಂದಿತ್ತು. ಸಾಲಿಯ ಬದಿಗೆ ತಂತಿಬಲೆಯ ದೊಡ್ಡ ಛತ್ರಿ, ಒಳಗೆ ಟೀವಿ. ಬೆಳಿಗ್ಗೆ ನಾವು ಹುಡುಗರು ನೋಡುವುದು. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ.

ನನ್ನವ್ವ ಆ ಇಡೀ ವರ್ಷ ಒಂದು ದಿನವೂ ಟೀವಿ ನೋಡಲಿಲ್ಲ. ಸಂಜೆಯ ಪ್ರಸಾರದ ಹೊತ್ತೆಂದರೆ ರೊಟ್ಟಿ ಬಡಿಯುವ ಹೊತ್ತು. ಮೇಲಾಗಿ ಕತ್ತಲಾದ ಮೇಲೆ ಗಂಡಸರು ತುಂಬಿಕೊಂಡ ಜಾಗಕ್ಕೆ ಸೊಸೆಯಾದವಳು ಹೋಗುವುದೆಲ್ಲಿ ಬಂತು? ಕೂಸಿಗೆ ಭೇದಿಯಾದರೆ ಏನು ಮಾಡಬೇಕೆಂದು ಟೀವಿಯಲ್ಲಿ ಹೇಳಿದ್ದನ್ನು ಕೇಳಿಸಿಕೊಂಡವನು ನನ್ನಪ್ಪ. ಕೂಸನ್ನು ಎತ್ತಿಕೊಂಡು ಒಲೆಯ ಮುಂದೆ ಕೂತವಳು ಅವ್ವ. ‘ಇವತ್ತ ಏನ ತೋರಿಸಿದ್ರು?’ ಎಂದು ಅವಳು ಕೇಳಿದರೆ ಅಪ್ಪ ‘ಏನೋ ತೋರಿಸಿದ್ರು’ ಎಂದು ಊಟಕ್ಕೆ ಕೂಡುತ್ತಿದ್ದ. ಕರಾರಿನ ವರ್ಷ ಮುಗಿಯಿತು, ಉಪಗ್ರಹ ಅವರ ಕಡೆಗೆ ಹೊರಳಿತು. ತಂತಿಬಲೆಯ ಮೇಲೆ ಕಾಗೆಗಳು ಕೂಡತೊಡಗಿದವು.

ಆಮೇಲೆ ಬಂದವುಗಳ ಪಟ್ಟಿ ಕೊಟ್ಟು ನಿಮ್ಮನ್ನು ಬೇಸರಿಸುವುದಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿ, ಚಾಮರಾಜನಗರ ಜಿಲ್ಲೆಯ ಶಾಲೆಗಳಲ್ಲಿ ಅದರ ಪಾಠಗಳು ಬಂದವು. ನಾನು ಬಿ.ಎಡ್. ಮುಗಿಸಿ ಮಾಸ್ತರಿಕೆಗೆ ಸೇರಿದ ಮೇಲೆ ಟೇಪ್ ರೆಕಾರ್ಡರ್ ಬಂತು, ಕಂಪ್ಯೂಟರ್ ಬಂತು. ಕಂಪ್ಯೂಟರಿಗೆ ಧೂಳು ತಾಗಬಾರದೆಂದು ಹೊಲಿಸಿದ ಬಟ್ಟೆಯನ್ನು ತೆಗೆದದ್ದು ನಾನು ಕಂಡದ್ದು ಕಡಿಮೆ.

2020ರ ಮಾತನ್ನು ಮಾತ್ರ ಬಿಡಲಾರೆ, ಏಕೆಂದರೆ ಅದರಲ್ಲಿ ನನ್ನ ತಪ್ಪೂ ಇದೆ. ಕೊರೊನಾದಿಂದ ಶಾಲೆ ಮುಚ್ಚಿತು. ಚಂದನ ವಾಹಿನಿಯಲ್ಲಿ ಪಾಠ ಬಂದವು. ನಾವೂ ವಾಟ್ಸಾಪಿನಲ್ಲಿ ಪಾಠ ಕಳಿಸಿದೆವು. ನೀಲಿ ಗೆರೆ ಎರಡು ಮೂಡಿದರೆ ಹುಡುಗಿ ಓದಿದಳೆಂದು ನಾನು ವಹಿಯಲ್ಲಿ ಗುರುತು ಹಾಕುತ್ತಿದ್ದೆ. ಏಳನೆಯ ತರಗತಿಯ ಒಬ್ಬ ಹುಡುಗಿ, ಲೆಕ್ಕದಲ್ಲಿ ನನಗಿಂತ ಚುರುಕು. ಅವಳ ಹೆಸರಿನ ಮುಂದೆ ಎರಡು ತಿಂಗಳು ಗುರುತೇ ಗುರುತು. ಒಂದು ದಿನ ಬಾವಿಯ ಹಾದಿಯಲ್ಲಿ ಕೊಡ ಹೊತ್ತು ಎದುರಾದಳು. ಭಿನ್ನರಾಶಿಯ ಲೆಕ್ಕ ತಿಳಿಯಿತೇನವ್ವಾ ಎಂದೆ. ‘ಫೋನು ಅಣ್ಣಂದರೀ ಅಕ್ಕೋರ. ಅಂವ ನೋಡ್ತಾನ. ನಾ ಒಮ್ಮಿನೂ ನೋಡಿಲ್ಲ’ ಎಂದಳು.

ಮನೆಗೆ ಬಂದು ವಹಿ ತೆರೆದೆ. ಅವಳಣ್ಣನ ನೀಲಿ ಗೆರೆಗಳನ್ನೆಲ್ಲ ನಾನು ಅವಳ ಹೆಸರಿಗೆ ಬರೆದಿದ್ದೆ.

ಆ ವರ್ಷದ ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾಯಿತು. ಶಿಕ್ಷಕರೇ ಓಣಿಗೆ ಹೋಗಿ ಪಾಠ ಹೇಳುವುದು. ನಮಗೆ ಗೊತ್ತುಮಾಡಿದ ಜಾಗ ಗುಡಿಯ ಪಡಸಾಲೆ. ನೆರಳು ಚೆನ್ನಾಗಿತ್ತು, ಕಲ್ಲುಹಾಸು ತಂಪಾಗಿತ್ತು. ಮೊದಲ ದಿನ ಕೇರಿಯ ಮಕ್ಕಳು ಮೆಟ್ಟಿಲ ಕೆಳಗೇ ಬಿಸಿಲಲ್ಲಿ ನಿಂತವು. ಯಾರೂ ಬೇಡ ಎಂದಿರಲಿಲ್ಲ, ಯಾರೂ ಬಾ ಎಂದೂ ಇರಲಿಲ್ಲ. ಮರುದಿನ ಹಲಗೆಯನ್ನು ನಾನೇ ಹೊತ್ತು ಕೇರಿಯ ಬಾಯಲ್ಲಿರುವ ಬೇವಿನ ಮರದ ಕೆಳಗೆ ಇಟ್ಟೆ. ಕೆಲವು ಮನೆಯವರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ವಾರ ಕಳೆದ ಮೇಲೆ, ಒಬ್ಬರಾದ ಮೇಲೆ ಒಬ್ಬರು ಕಳಿಸಿದರು. ಆ ಹುಡುಗಿ ಮಾತ್ರ ಒಂದು ದಿನ ತಪ್ಪಿಸಲಿಲ್ಲ. ಬಗಲಲ್ಲಿ ತಮ್ಮನನ್ನು ಎತ್ತಿಕೊಂಡೇ ಭಿನ್ನರಾಶಿ ಬಿಡಿಸಿದಳು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ವಿದ್ಯಾಗಮವನ್ನೂ ನಿಲ್ಲಿಸಿದರು. ನಿಲ್ಲಿಸಿದ್ದು ತಪ್ಪೆನ್ನಲಾರೆ. ಆದರೆ ಅದರ ಬದಲಿಗೆ ಅವಳ ಪಾಲಿಗೆ ಉಳಿದದ್ದು ಮತ್ತೆ ಅಣ್ಣನ ಫೋನೇ.

ಇದು ಹಳ್ಳಿಯ ಕಥೆ, ನಮ್ಮ ಊರಲ್ಲಿ ಹೀಗಿಲ್ಲ ಎನ್ನಬೇಡಿ ತಾಯಂದಿರೇ. ನಿಮ್ಮ ಮನೆಯಲ್ಲಿ ವೈಫೈ ಇದೆ, ಒಪ್ಪಿದೆ. ಬಾಗಿಲು ಹಾಕಿಕೊಂಡು ಕೂತು ಓದುವ ಕೋಣೆ ಯಾರದು? ಮಗ ಫೋನು ಹಿಡಿದರೆ ‘ಓದುತ್ತಿದ್ದಾನೆ, ಸದ್ದು ಮಾಡಬೇಡಿ’ ಎನ್ನುವ ನಾವೇ, ಮಗಳು ಹಿಡಿದರೆ ‘ಯಾರ ಹತ್ತಿರ ಮಾತಾಡುತ್ತಿದ್ದೀ?’ ಎನ್ನುತ್ತೇವೆ. ನಾನೂ ನನ್ನ ಮಗಳಿಗೆ ಅಂದಿದ್ದೇನೆ. ನನ್ನವ್ವ ಟೀವಿ ನೋಡದಂತೆ ತಡೆದವರು ಗಂಡಸರು ಮಾತ್ರ ಎಂದು ಬರೆದರೆ ಅದೂ ಸುಳ್ಳೇ. ನಮ್ಮಜ್ಜಿ ಹೊಸ್ತಿಲಲ್ಲೇ ಕೂತಿರುತ್ತಿದ್ದಳು.

ಯಂತ್ರ ಬೇಡವೆನ್ನುವ ಹಳೇ ಕಾಲದವಳು ನಾನಲ್ಲ. ತಾರೆಗಳ ಓಟವನ್ನು ನಾನು ಗೋಡೆಗೆ ಬರೆದು ತೋರಿಸುವುದಕ್ಕಿಂತ ಆ ಪರದೆ ನೂರು ಪಾಲು ಚೆನ್ನಾಗಿ ತೋರಿಸುತ್ತದೆ. ಆದರೆ ಯಂತ್ರ ಕೊಡುವವರು ಅದರ ಬೆಲೆ ಹೇಳುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಎಲ್ಲಿ ಇಡುತ್ತೀರಿ, ಎಷ್ಟು ಹೊತ್ತಿಗೆ ಹಚ್ಚುತ್ತೀರಿ, ಆ ಹೊತ್ತಿಗೆ ಹುಡುಗಿಯರು ಎಲ್ಲಿರುತ್ತಾರೆ ಎಂದು ಒಬ್ಬರೂ ಕೇಳಿದ್ದನ್ನು ಕಾಣೆ.

ಹೋದ ವರ್ಷ ನಮ್ಮ ಶಾಲೆಗೂ ದೊಡ್ಡ ಪರದೆಯ ಟೀವಿ ಬಂತು. ಹಾರ ಹಾಕಿ, ಕಾಯಿ ಒಡೆದು, ಮುಖ್ಯ ಗುರುಗಳ ಕೋಣೆಯ ಗೋಡೆಗೆ ಕೂಡಿಸಿದರು. ಕಳ್ಳರ ಭಯವಂತೆ. ಎಲ್ಲರೂ ಪೇಢೆ ತಿನ್ನುವಾಗ ನಾನು ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಸರ್ ಎಂದು ಕೇಳಿದೆ. ಎಲ್ಲರೂ ನಕ್ಕರು. ಸಂಜೆ ನಾಲ್ಕೂವರೆಯಿಂದ ಒಂದು ತಾಸು ಹುಡುಗಿಯರಿಗೆ ತೆರೆದುಕೊಡಿ, ಜೊತೆಗೆ ನಾನು ಕೂಡುತ್ತೇನೆ ಎಂದು ಮರುದಿನ ಅರ್ಜಿ ಬರೆದುಕೊಟ್ಟಿದ್ದೇನೆ. ‘ನೋಡೋಣ’ ಎಂದಿದ್ದಾರೆ. ನನ್ನ ನಿವೃತ್ತಿಗೆ ಇನ್ನು ಎರಡು ವರ್ಷವೂ ಇಲ್ಲ. ಪ್ರತಿ ಸೋಮವಾರ ನೆನಪು ಮಾಡುತ್ತೇನೆ.