ಕಣ್ಣಿಗೆ ಒಪ್ಪಿದ ಹೋರಿ

ವರನ ರೂಪವೊಂದನ್ನೇ ನೋಡಿ ಮಾತು ಕೊಟ್ಟು ಬರುವ ಹಿರಿಯರು ವಿರಳ. ಮನೆತನವೆಂತಹುದು, ಆರೋಗ್ಯವೆಂತಹುದು, ಸ್ವಭಾವವೇನು ಎಂದು ನಾಲ್ಕು ಕಡೆ ವಿಚಾರಿಸಿದ ಮೇಲೆಯೇ ಅವರು ತಾಂಬೂಲ ಬದಲಾಯಿಸುವುದು. ಆದರೆ ಪಶುಸಂಪತ್ತಿಗೆ ಹೆಸರಾದ ಅಮೆರಿಕದಲ್ಲಿ, ಲಕ್ಷಾಂತರ ಡಾಲರುಗಳ ವಹಿವಾಟು ನಡೆಸುತ್ತಿದ್ದ ಚತುರ ವ್ಯಾಪಾರಿಗಳು ಒಂದು ಕಾಲದಲ್ಲಿ ಈ ಎಚ್ಚರವನ್ನು ಮರೆತು, ರೂಪಕ್ಕೆ ಮರುಳಾಗಿ ಹೋರಿಗಳನ್ನು ಕೊಂಡರು. ಅದಕ್ಕೆ ಅವರು ತೆತ್ತ ಬೆಲೆ ಅಲ್ಪವಾದುದಲ್ಲ.

ಆ ದೇಶದ ಪಶ್ಚಿಮಭಾಗದಲ್ಲಿ ಸಾವಿರಾರು ಎಕರೆ ಹುಲ್ಲುಗಾವಲನ್ನುಳ್ಳ ವಿಶಾಲವಾದ ಪಶುಕ್ಷೇತ್ರಗಳಿವೆ. ಅವುಗಳಿಗೆ ರಾಂಚ್ ಎಂದು ಹೆಸರು. ಅಲ್ಲಿ ದನಗಳನ್ನು ಸಾಕುವುದು ಹಾಲಿಗಾಗಿ ಅಲ್ಲ, ಮಾಂಸಕ್ಕಾಗಿ. ರಾಂಚಿನ ಒಡೆಯನಿಗೆ ವರ್ಷದ ಆದಾಯವೆಂದರೆ ಆ ವರ್ಷ ಹುಟ್ಟಿ ಬೆಳೆದ ಕರುಗಳು. ಹಸುವೊಂದು ವರ್ಷಕ್ಕೆ ಒಂದೇ ಕರುವನ್ನು ಕೊಡುತ್ತದೆ. ಹೋರಿಯಾದರೋ ಇಪ್ಪತ್ತೈದು ಮೂವತ್ತು ಹಸುಗಳ ಕರುಗಳಿಗೆ ತಂದೆಯಾಗುತ್ತದೆ. ನಾಲ್ಕು ವರ್ಷ ದುಡಿದರೆ ನೂರು ಕರುಗಳು! ಕೆಟ್ಟ ಹಸುವನ್ನು ಕೊಂಡವನು ಒಂದು ಕರುವನ್ನು ಕಳೆದುಕೊಂಡಾನು. ಕೆಟ್ಟ ಹೋರಿಯನ್ನು ಕೊಂಡವನು ಮಂದೆಯನ್ನೇ ಕೆಡಿಸಿಕೊಂಡಾನು. ಆದುದರಿಂದಲೇ ವರ್ಷ ತುಂಬಿದ ಎಳೆಯ ಹೋರಿಗಳನ್ನು ಆರಿಸುವುದು ಅಲ್ಲಿ ಅತ್ಯಂತ ಜವಾಬ್ದಾರಿಯ ಕಾರ್ಯ.

ಕೆಂಪು ಮೈ, ಬಿಳಿಯ ಮುಖದ ಹೆರೆಫರ್ಡ್ ತಳಿ ಆ ಹುಲ್ಲುಗಾವಲುಗಳಲ್ಲಿ ಮೆರೆಯುತ್ತಿದ್ದ ಕಾಲ. 1930ರಿಂದ 1950ರ ವರೆಗಿನ ದಶಕಗಳಲ್ಲಿ ಪಶುಪ್ರದರ್ಶನಗಳ ತೀರ್ಪುಗಾರರಿಗೆ ಒಂದು ಹೊಸ ಮೋಹ ಹಿಡಿಯಿತು. ಗಿಡ್ಡ ಕಾಲು, ಅಗಲವಾದ ಬೆನ್ನು, ಗುಂಡಗೆ ಅಡಕವಾದ ಮೈಕಟ್ಟು, ಬೇಗನೆ ಕೊಬ್ಬುವ ಗುಣ: ಇವೇ ಉತ್ತಮ ಲಕ್ಷಣಗಳೆನಿಸಿದವು. ಇಂತಹ ಹೋರಿಗಳಿಗೆ ನೀಲಿ ಪಟ್ಟಿಯ ಬಹುಮಾನ. ಬಹುಮಾನ ಪಡೆದ ಹೋರಿಯ ಮಕ್ಕಳಿಗೆ ಹರಾಜಿನಲ್ಲಿ ವಿಪರೀತ ಬೆಲೆ. ಎತ್ತರವಾಗಿ ಬೆಳೆದು ಚೆನ್ನಾಗಿ ತೂಗುವ ಹೋರಿಯನ್ನು ಕೇಳುವವರು ಕಡಿಮೆಯಾದರು.

ಅಷ್ಟರಲ್ಲಿ ಹೆಸರಾಂತ ಮಂದೆಗಳಲ್ಲಿ ವಿಚಿತ್ರವಾದ ಕರುಗಳು ಹುಟ್ಟತೊಡಗಿದವು. ಉಬ್ಬಿದ ಹಣೆ, ಮುಂದೆ ಚಾಚಿದ ಕೆಳದವಡೆ, ಡೊಳ್ಳು ಹೊಟ್ಟೆ, ಕುಳ್ಳು ಕಾಲು. ಉಸಿರಾಡುವಾಗ ಗೊರಗೊರ ಸದ್ದು. ಬಹುಪಾಲು ಕರುಗಳು ಬೇಗನೆ ಸತ್ತವು. ಬದುಕಿದವು ಯಾವ ಪ್ರಯೋಜನಕ್ಕೂ ಬರಲಿಲ್ಲ. ಮೊದಮೊದಲು ಅನೇಕರು ಈ ಸಂಗತಿಯನ್ನು ಮುಚ್ಚಿಟ್ಟರು. ಮಂದೆಯಲ್ಲಿ ಕುಬ್ಜ ಕರು ಹುಟ್ಟಿತೆಂಬ ಸುದ್ದಿ ಹೊರಬಿದ್ದರೆ ಹೋರಿಗಳನ್ನು ಯಾರು ಕೊಂಡಾರು?

ವಿಜ್ಞಾನಿಗಳು ವಂಶಾವಳಿಗಳನ್ನು ಶೋಧಿಸಿ ಕಾರಣವನ್ನು ಕಂಡುಹಿಡಿದರು. ಕುಬ್ಜತೆ ಆನುವಂಶಿಕವಾದ ಗುಪ್ತದೋಷ. ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಅದು ಕರುವಿನಲ್ಲಿ ಪ್ರಕಟವಾಗುತ್ತದೆ. ಒಬ್ಬರಿಂದ ಮಾತ್ರ ಬಂದರೆ ಅಡಗಿಯೇ ಇದ್ದು ಮುಂದಿನ ಪೀಳಿಗೆಗೆ ಸಾಗುತ್ತದೆ. ದೋಷವನ್ನು ಹೊತ್ತ ಹೋರಿಗೆ ದೋಷವನ್ನು ಹೊತ್ತ ಹಸು ಜೊತೆಯಾದರೆ ಸರಾಸರಿ ನಾಲ್ಕರಲ್ಲಿ ಒಂದು ಕರು ಕುಬ್ಜ; ಎರಡು ನೋಟಕ್ಕೆ ಸರಿಯಾಗಿದ್ದೂ ದೋಷವನ್ನು ಹೊತ್ತವು; ಒಂದು ಮಾತ್ರ ಶುದ್ಧ. ಎಲ್ಲಕ್ಕಿಂತ ಕ್ರೂರವಾದ ಸಂಗತಿಯೆಂದರೆ, ದೋಷವನ್ನು ಗುಪ್ತವಾಗಿ ಹೊತ್ತ ಹೋರಿಗಳು ಅನೇಕ ವೇಳೆ ತುಸು ಗಿಡ್ಡವಾಗಿ, ಅಡಕವಾಗಿ ಕಾಣುತ್ತಿದ್ದವೆಂದು ತಜ್ಞರು ಅಭಿಪ್ರಾಯಪಟ್ಟರು. ಎಂದರೆ, ತೀರ್ಪುಗಾರರು ಸೌಂದರ್ಯವೆಂದು ಆರಿಸಿದ್ದು ರೋಗದ ನೆರಳನ್ನು!

ಹೋರಿ ಶುದ್ಧವೋ ಅಲ್ಲವೋ ಎಂದು ತಿಳಿಯುವ ಬಗೆ ಹೇಗೆ? ಹಣೆಯ ಉಬ್ಬನ್ನು ಅಳೆದು ನೋಡಿದರು. ಎಳೆಗರುಗಳ ಬೆನ್ನೆಲುಬಿನ ಕ್ಷಕಿರಣ ಚಿತ್ರಗಳನ್ನು ತೆಗೆದರು. ನಂಬಬಹುದಾದ ಹಾದಿ ಒಂದೇ ಉಳಿಯಿತು: ದೋಷವನ್ನು ಹೊತ್ತಿವೆಯೆಂದು ಖಚಿತವಾದ ಹಸುಗಳೊಡನೆ ಹೋರಿಯನ್ನು ಕೂಡಿಸಿ ಕರುಗಳಿಗಾಗಿ ಕಾಯುವುದು. ಹದಿನಾರು ಕರುಗಳು ಒಂದರ ಹಿಂದೊಂದು ಸರಿಯಾಗಿ ಹುಟ್ಟಿದರೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಂಬಬಹುದೆಂದು ಲೆಕ್ಕ. ಈ ಪರೀಕ್ಷೆ ಮುಗಿಯುವ ಹೊತ್ತಿಗೆ ವರ್ಷಗಳು ಕಳೆಯುತ್ತಿದ್ದವು. ಪ್ರಖ್ಯಾತ ವಂಶಗಳ ಬೆಲೆ ನೆಲಕಚ್ಚಿತು. ತಲೆಮಾರುಗಳಿಂದ ಕಟ್ಟಿ ಬೆಳೆಸಿದ ಮಂದೆಗಳನ್ನು ಕೆಲವರು ಕಸಾಯಿಖಾನೆಗೆ ಸಾಗಿಸಬೇಕಾಯಿತು. ಬಹುಮಾನದ ಪಟ್ಟಿಗಳು ಮಾತ್ರ ಗೋಡೆಯ ಮೇಲೆ ಉಳಿದವು.

ಇದೇ ಕಾಲದಲ್ಲಿ ಬೇರೊಂದು ಕಡೆ ಸದ್ದುಗದ್ದಲವಿಲ್ಲದೆ ಬೇರೊಂದು ಪ್ರಯೋಗ ನಡೆದಿತ್ತು. ಮೊಂಟಾನಾ ಪ್ರಾಂತದ ಮೈಲ್ಸ್ ಸಿಟಿಯ ಬಳಿ ಫೋರ್ಟ್ ಕಿಯೋ ಎಂಬ ಹಳೆಯ ಸೈನಿಕ ಠಾಣ್ಯವಿದೆ. 1924ರಲ್ಲಿ ಅದು ಅಮೆರಿಕದ ಕೃಷಿ ಇಲಾಖೆಯ ವಶಕ್ಕೆ ಬಂದು ಸಂಶೋಧನ ಕೇಂದ್ರವಾಯಿತು. 1934ರಲ್ಲಿ ಅಲ್ಲಿಗೆ ಎರಡು ಹೆರೆಫರ್ಡ್ ಹೋರಿಗಳನ್ನು ಕೊಂಡು ತಂದರು. ಎರಡೂ ಒಂದೇ ತಂದೆಯ ಮಕ್ಕಳು. ಅವುಗಳಿಂದ ‘ಲೈನ್ 1’ ಎಂಬ ಸಂತತಿ ಆರಂಭವಾಯಿತು. ಹೊರಗಿನ ರಕ್ತವನ್ನು ಸೇರಿಸದೆ, ಮಂದೆಯೊಳಗೆ ಹುಟ್ಟಿದ ಹೋರಿಗಳಲ್ಲಿಯೇ ಆರಿಸುತ್ತ ಬಂದರು. ಆರಿಸಲು ತೀರ್ಪುಗಾರನ ಕಣ್ಣಿಗಿಂತ ತಕ್ಕಡಿಗೆ ಹೆಚ್ಚು ಮಾನ್ಯತೆ: ಒಂದೇ ಮೇವು, ಒಂದೇ ಆರೈಕೆ, ವರ್ಷ ತುಂಬಿದಾಗ ಯಾವುದು ಹೆಚ್ಚು ತೂಗಿತು? ಹರಾಜಿನ ಮೋಹಕ ಮಾತುಗಳಿಲ್ಲದ ಈ ಸಂತತಿಯ ರಕ್ತ ಮುಂದೆ ಆ ದೇಶದ ಹೆರೆಫರ್ಡ್ ಮಂದೆಗಳಲ್ಲಿ ವ್ಯಾಪಕವಾಗಿ ಹರಡಿತು. ಗೋವಿನ ಸಂಪೂರ್ಣ ಆನುವಂಶಿಕ ಲಿಪಿಯನ್ನು ಓದುವ ಕಾರ್ಯಕ್ಕೆ ವಿಜ್ಞಾನಿಗಳು ಆರಿಸಿದ ಹಸು ಡೊಮಿನೆಟ್ ಈ ಸಂತತಿಯದೇ. 2009ರಲ್ಲಿ ಆ ಸಂಶೋಧನೆ ಪ್ರಕಟವಾಯಿತು.

ಹೀಗೆ ಪಾಠ ಕಲಿತವರ ವಂಶಜರು ಇಂದು ಹೋರಿಯನ್ನು ಕೊಳ್ಳುವ ಕ್ರಮವೇ ಬೇರೆ. ಮೊದಲು ಕಡತ, ಆಮೇಲೆ ಹೋರಿ. ಹುಟ್ಟಿದಾಗಿನ ತೂಕವೆಷ್ಟು? ಅದು ಅತಿಯಾದರೆ ಚೊಚ್ಚಲ ಕಡಸುಗಳಿಗೆ ಹೆರಿಗೆ ಕಷ್ಟ. ಹಾಲು ಬಿಟ್ಟಾಗ, ವರ್ಷ ತುಂಬಿದಾಗ, ಓರಗೆಯ ಹೋರಿಗಳೊಡನೆ ಹೋಲಿಸಿದರೆ ಬೆಳವಣಿಗೆ ಎಷ್ಟು? ಬಳಿಕ ಪಶುವೈದ್ಯರ ಪರೀಕ್ಷೆ. ಹದಿನೈದು ತಿಂಗಳೊಳಗಿನ ಹೋರಿಗೆ ವೃಷಣಕೋಶದ ಸುತ್ತಳತೆ ಕನಿಷ್ಠ 30 ಸೆಂಟಿಮೀಟರ್ ಇರಬೇಕು. ವೀರ್ಯದಲ್ಲಿ ನೂರಕ್ಕೆ ಎಪ್ಪತ್ತು ಭಾಗವಾದರೂ ನಿರ್ದುಷ್ಟ ಬೀಜಾಣುಗಳಿರಬೇಕು. ಹದಿನಾರು ಕರುಗಳಿಗಾಗಿ ಕಾಯುವ ಅಗತ್ಯವೂ ಈಗಿಲ್ಲ. ಪತ್ತೆಯಾಗಿರುವ ಅನೇಕ ಗುಪ್ತದೋಷಗಳನ್ನು ಬಾಲದ ಕೂದಲುಗಳೇ ಪ್ರಯೋಗಾಲಯದಲ್ಲಿ ಬಯಲುಮಾಡುತ್ತವೆ.

ಕಣ್ಣಿಗೆ ಕೆಲಸವೇ ಇಲ್ಲವೆಂದಲ್ಲ. ಗೊರಸು ನೆಟ್ಟಗಿದೆಯೇ, ನಡಿಗೆ ಸಲೀಸಾಗಿದೆಯೇ, ಮನುಷ್ಯರನ್ನು ಕಂಡರೆ ಹಾಯಲು ಬರುತ್ತದೆಯೇ ಎಂಬುದನ್ನು ಯಾವ ಕಡತವೂ ಪೂರ್ಣವಾಗಿ ಹೇಳಲಾರದು. ಮೈಲಿಗಟ್ಟಲೆ ಹುಲ್ಲುಗಾವಲಿನಲ್ಲಿ ಹಸುಗಳನ್ನು ಅರಸಿ ನಡೆಯಬೇಕಾದ ಹೋರಿಗೆ ಕಾಲೇ ಬಂಡವಾಳ. ಮಾರಾಟಕ್ಕೆಂದು ಅತಿಯಾಗಿ ತಿನ್ನಿಸಿ ಮಿರಮಿರನೆ ಮಿಂಚುವಂತೆ ಮಾಡಿದ ಹೋರಿ ಅನೇಕ ವೇಳೆ ಹುಲ್ಲುಗಾವಲಿಗೆ ಬಂದೊಡನೆ ಬಡಕಲಾಗುತ್ತದೆ. ಬಲ್ಲವರು ಆ ಹೊಳಪಿಗೆ ಹಣ ಕೊಡುವುದಿಲ್ಲ.

ಮಾರುವವನು ಮೈದಡವಿ ತೋರಿಸುವುದು ಹೋರಿಯ ಬೆನ್ನನ್ನು. ಕೊಳ್ಳುವವನು ಮನೆಗೆ ಕರೆತರುವುದು ಅದರ ವಂಶವನ್ನು. ಇವೆರಡರ ನಡುವಣ ಅಂತರವನ್ನು ಅರಿಯಲು ಒಂದು ದೇಶಕ್ಕೆ ಅಷ್ಟೊಂದು ಮಂದೆಗಳು ಬೇಕಾದವು.