ಆಟಕ್ಕೆ ಕಂಪ್ಯೂಟರೋ, ಆಟದ ಪೆಟ್ಟಿಗೆಯೋ?

ಮನೆಯ ಮಗನು ಆಟಕ್ಕಾಗಿ ಯಂತ್ರವೊಂದನ್ನು ಬೇಡಿದರೆ ಯಾವುದನ್ನು ಕೊಡಿಸತಕ್ಕದ್ದೆಂಬ ಪ್ರಶ್ನೆಯು ಈಗ ಪಟ್ಟಣಗಳಿಗೆ ಮಾತ್ರ ಸೇರಿದುದಲ್ಲ. ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಂತಹ ಊರುಗಳಲ್ಲಿಯೂ ಅದು ತಲೆದೋರುತ್ತದೆ. ಹಳ್ಳಿಗಳ ತರುಣರಲ್ಲಿ ಬಹುಮಂದಿ ಮೊಬೈಲಿನಲ್ಲಿಯೇ ಆಡುವರೆಂಬುದು ನಿಜ. ಆದರೆ ಪಿ.ಯು.ಸಿ. ಮುಗಿಸಿ ದಾವಣಗೆರೆಗೋ ಬೆಂಗಳೂರಿಗೋ ಹೊರಡುವ ಹುಡುಗನು ಮೊಬೈಲಿಗಿಂತ ದೊಡ್ಡದನ್ನು ಬಯಸಿದಾಗ, ಟೆಲಿವಿಷನ್ನಿಗೆ ಜೋಡಿಸುವ ಆಟದ ಪೆಟ್ಟಿಗೆಯನ್ನು, ಅಂದರೆ ಕನ್ಸೋಲನ್ನು, ಬಿಟ್ಟು ಕಂಪ್ಯೂಟರನ್ನೇ ಕೇಳುವುದುಂಟು. ಇದಕ್ಕೆ ಕಾರಣವೇನೆಂಬುದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ಮನೆಗಳಲ್ಲಿದ್ದ ಅಳಗುಳಿಮಣೆಯನ್ನು ವಾಚಕರು ನೆನೆಯಬೇಕು. ಅದರ ಕುಳಿಗಳು ಅಳಗುಳಿಯಾಟಕ್ಕಲ್ಲದೆ ಬೇರೊಂದಕ್ಕೆ ಒದಗಲಾರವು. ಜಗಲಿಯ ಕಲ್ಲಾದರೋ ಹಾಗಲ್ಲ. ಸುಣ್ಣದ ಕಡ್ಡಿಯಿಂದ ಬರೆದರೆ ಅದು ಈ ಹೊತ್ತು ಚೌಕಾಬಾರದ ಮನೆ, ನಾಳೆ ಹುಲಿಕುರಿಯ ಮನೆ. ಅಳಿಸಿದರೆ ಕುಳಿತು ಲೆಕ್ಕ ಬರೆಯುವ ಸ್ಥಳ. ಕನ್ಸೋಲು ಮಣೆಯಂತೆ, ಅದನ್ನು ಮಾಡಿದ ಕಂಪನಿಯು ಒಪ್ಪಿದ ಆಟಗಳು ಮಾತ್ರ ಅದರಲ್ಲಿ ನಡೆಯುವುವು. ಕಂಪ್ಯೂಟರು ಜಗಲಿಯಂತೆ. ತರುಣರ ಆಯ್ಕೆಯ ಮೂಲವಿರುವುದು ಇಲ್ಲಿಯೇ.

ಇನ್ನು ಖರ್ಚಿನ ವಿಚಾರ. ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಎಂಬ ಕನ್ಸೋಲು 2021ನೆಯ ಫೆಬ್ರವರಿ 2ರಂದು ನಮ್ಮ ದೇಶಕ್ಕೆ ಬಂದಾಗ, ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ ಬೆಲೆಯಿದ್ದಿತು. ಅದೇ ಬಗೆಯ ಚಿತ್ರಗಳನ್ನು ತೋರಿಸಬಲ್ಲ ಕಂಪ್ಯೂಟರಿಗೆ ಇದಕ್ಕಿಂತ ಹೆಚ್ಚೇ ಹಣ ಬೇಕಾಗುತ್ತದೆ. ಹಾಗಾದರೆ ಕನ್ಸೋಲೇ ಅಗ್ಗವಲ್ಲವೆ? ಯಂತ್ರವನ್ನು ಕೊಳ್ಳುವ ದಿನದ ಲೆಕ್ಕದಲ್ಲಿ ಅಹುದು. ಅನಂತರದ ಲೆಕ್ಕವೇ ಬೇರೆ. ಆ ಕನ್ಸೋಲಿಗೆಂದು ಸೋನಿಯು ಆಗ ಹೊರಡಿಸಿದ ದೊಡ್ಡ ಆಟಗಳಿಗೆ ಒಂದೊಂದಕ್ಕೆ 4,999 ರೂಪಾಯಿವರೆಗೆ ಬೆಲೆಯಿದ್ದಿತು. ಹಣ ಕೊಟ್ಟು ಕೊಂಡ ಆಟವನ್ನು ಇಂಟರ್ನೆಟ್ಟಿನ ಮೂಲಕ ಇತರರೊಡನೆ ಆಡಬೇಕಾದರೆ ಸಾಮಾನ್ಯವಾಗಿ ಬೇರೊಂದು ಚಂದಾ ತೆರಬೇಕು. ಕಂಪ್ಯೂಟರಿನವರಿಗೆ ಅಂತಹ ಚಂದಾ ಇಲ್ಲ. 2003ರಲ್ಲಿ ಆರಂಭವಾದ ಸ್ಟೀಮ್ ಎಂಬ ಆಟದಂಗಡಿಯು 2015ರಿಂದ ನಮ್ಮವರಿಗೆ ರೂಪಾಯಿಯಲ್ಲಿಯೇ ಬೆಲೆ ಹೇಳುತ್ತಿದೆ. ವರ್ಷದಲ್ಲಿ ಹಲವು ಸಲ ಬೆಲೆಯನ್ನು ಬಹಳವಾಗಿ ಇಳಿಸುತ್ತದೆ. ಡೋಟಾ 2, ವ್ಯಾಲೊರಂಟ್ ಮೊದಲಾದ ಆಟಗಳಿಗೆ ಪ್ರವೇಶದ ಬೆಲೆಯೇ ಇಲ್ಲ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ.

ತೆರಿಗೆಯೂ ಕೆಲಕಾಲ ಕಂಪ್ಯೂಟರಿನ ಪಕ್ಷವನ್ನೇ ವಹಿಸಿದ್ದಿತು. 2017ನೆಯ ಜುಲೈಯಲ್ಲಿ ಜಿ.ಎಸ್.ಟಿ. ಜಾರಿಗೆ ಬಂದಾಗ ಕಂಪ್ಯೂಟರಿಗೆ ನೂರಕ್ಕೆ 18 ಇದ್ದರೆ ಕನ್ಸೋಲಿಗೆ 28 ಇದ್ದಿತು. 2019ನೆಯ ಜನವರಿಯಿಂದ ಕನ್ಸೋಲಿಗೂ 18 ಆಯಿತು. ಹಳ್ಳಿಯವರಿಗೆ ಮತ್ತೊಂದು ಅನುಕೂಲವೂ ಉಂಟು. ಕರೆಂಟು ಹೋದೊಡನೆ ಟೆಲಿವಿಷನ್ನೂ ಕನ್ಸೋಲೂ ಒಟ್ಟಿಗೆ ನಿಲ್ಲುವುವು; ಲ್ಯಾಪ್‌ಟಾಪು ತನ್ನ ಬ್ಯಾಟರಿಯಿಂದ ಭಾರಿ ಆಟವನ್ನು ಬಹಳ ಹೊತ್ತು ನಡೆಸಲಾರದಾದರೂ, ಬರೆಯುತ್ತಿದ್ದ ಪಾಠವನ್ನು ಮುಗಿಸಿಕೊಡುತ್ತದೆ.

ಕನ್ಸೋಲುಗಳನ್ನು ಮಾಡುವವರೂ ಈ ಒಲವನ್ನು ಅರಿತಿದ್ದಾರೆ. ತನ್ನ ಪೆಟ್ಟಿಗೆಯಲ್ಲಿ ಮಾತ್ರ ದೊರೆಯುತ್ತಿದ್ದ ಹೊರೈಜನ್ ಝೀರೋ ಡಾನ್ ಎಂಬ ಆಟವನ್ನು ಸೋನಿಯು 2020ರಲ್ಲಿಯೂ, ಗಾಡ್ ಆಫ್ ವಾರ್ ಎಂಬುದನ್ನು 2022ರಲ್ಲಿಯೂ ಕಂಪ್ಯೂಟರಿಗೆ ತಂದಿತು. ಆಟಗಳು ಹುಟ್ಟುವುದೂ ಕಂಪ್ಯೂಟರಿನಲ್ಲಿಯೇ. ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪಿತವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಪರದೇಶದ ಆಟಗಳಿಗೆ ಚಿತ್ರರಚನೆಯನ್ನು ಮಾಡಿಕೊಟ್ಟು ಹೆಸರಾಯಿತು; 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕಂಪನಿಯು ಅದನ್ನು ಕೊಂಡಿತು. ಆಡುವವನು ಮಾಡುವವನೂ ಆಗಬೇಕೆಂದಿದ್ದರೆ ಅದಕ್ಕೆ ದಾರಿ ಕಂಪ್ಯೂಟರಿನಲ್ಲಿದೆ.

ಹೀಗೆಂದು ಕನ್ಸೋಲನ್ನು ಹಳಿಯುವುದು ನ್ಯಾಯವಲ್ಲ. ಅದನ್ನು ಜೋಡಿಸಿದರೆ ಸಾಕು, ಅದು ಆಡುತ್ತದೆ. ಯಾವ ಆಟಕ್ಕೆ ಯಾವ ಬಿಡಿಭಾಗ ಬೇಕೆಂಬ ತೊಡಕಿಲ್ಲ. ಡಿಸ್ಕನ್ನು ಆಡಿ ಮುಗಿಸಿ ಗೆಳೆಯನಿಗೆ ಕೊಡಬಹುದು, ಇಲ್ಲವೆ ಮಾರಬಹುದು. ಸ್ಟೀಮಿನಲ್ಲಿ ಕೊಂಡ ಆಟವನ್ನು ಹಾಗೆ ಮಾರಲಾಗದು. ಎಲ್ಲಕ್ಕಿಂತ ಮಿಗಿಲಾಗಿ, ಕನ್ಸೋಲಿಗೆ ಸ್ಥಳವು ನಡುಮನೆಯ ಟೆಲಿವಿಷನ್ನಿನ ಮುಂದೆ. ಅಣ್ಣತಮ್ಮಂದಿರು ಜತೆಗೆ ಕೂತು ಆಡುವರು, ಅಜ್ಜಿಯು ನೋಡಿ ನಗುವಳು. ಕಂಪ್ಯೂಟರಾದರೋ ಕೋಣೆಯೊಳಕ್ಕೆ ಹೋಗುತ್ತದೆ. ಕೋಣೆಯ ಬಾಗಿಲು ಮುಚ್ಚುತ್ತದೆ.

ಗೃಹಸ್ಥರು ಲಕ್ಷಿಸಬೇಕಾದ ಮುಖ್ಯ ಸಂಗತಿಯೇ ಇದು. ಕನ್ಸೋಲನ್ನು ಬೇಡುವ ಹುಡುಗನು ‘ಆಟಕ್ಕೆ’ ಎಂದೇ ಹೇಳಬೇಕು. ಕಂಪ್ಯೂಟರನ್ನು ಬೇಡುವವನು ‘ಓದಿಗೆ’ ಎನ್ನಬಹುದು. ಆ ಮಾತು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಮೆಕ್ಕೆಜೋಳ ಮಾರಿದ ಹಣದಿಂದ ತಂದೆಯು ಓದಿಗೆಂದು ಕೊಡಿಸಿದ ಯಂತ್ರದಲ್ಲಿ ಆಟವನ್ನು ಕಂಡರೆ, ತಾನು ಮೋಸಹೋದೆನೆಂದು ನೊಂದುಕೊಳ್ಳುವನು. ಮಗನು ಅಡಗಿಸುವುದನ್ನು ಕಲಿಯುವನು. ಆಟದಿಂದಾಗುವ ಹಾನಿಗಿಂತ ಈ ಅಡಗಿಸುವಿಕೆಯಿಂದಾಗುವ ಹಾನಿಯೇ ಹೆಚ್ಚೆಂದು ನಮ್ಮ ಅಭಿಪ್ರಾಯ.

ಆದುದರಿಂದ ಕೊಳ್ಳುವ ಮೊದಲೇ ಮಾತು ಬಿಚ್ಚಿ ಆಡಿರಿ. ‘ಇದರಲ್ಲಿ ನೀನು ಆಡುವೆ ಎಂಬುದನ್ನು ಬಲ್ಲೆವು, ಎಷ್ಟು ಹೊತ್ತು ಆಡುವೆ, ಹೇಳಪ್ಪಾ’ ಎಂದು ಕೇಳಿರಿ. ಯಂತ್ರವನ್ನು ನಡುಮನೆಯಲ್ಲಿಡಿರಿ. ಹಣ ಕಟ್ಟಬೇಕಾದ ಖಾತೆಯು ಹಿರಿಯರ ಕೈಯಲ್ಲಿರಲಿ. ಮನೆಯ ಹೆಣ್ಣುಮಗಳಿಗೂ ಅದರ ಮುಂದೆ ಸಮವಾದ ಹೊತ್ತು ಸಲ್ಲಲಿ; ಮಗನಿಗೆ ಕಂಪ್ಯೂಟರು, ಮಗಳಿಗೆ ಹಳೆಯ ಮೊಬೈಲು ಎಂಬ ಹಂಚಿಕೆಯು ಎಷ್ಟು ಮಾತ್ರಕ್ಕೂ ಸರಿಯಲ್ಲ. ಬರಹ ತಂತ್ರಾಂಶವು 1998ರಲ್ಲಿ ಬಂದಂದಿನಿಂದ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಸುಲಭವಾಗಿದೆ. ಜಮೀನಿನ ಅರ್ಜಿಯನ್ನೂ ಸಂಘದ ಲೆಕ್ಕವನ್ನೂ ಮಕ್ಕಳಿಂದಲೇ ಬರೆಯಿಸಿರಿ. ಜಗಲಿಯು ಮನೆಯವರೆಲ್ಲರದು, ಅದರ ಮೇಲೆ ಬರೆಯುವ ಯಂತ್ರವೂ ಎಲ್ಲರದಾದರೆ, ಅದಕ್ಕೆ ತೆತ್ತ ಹಣವು ಸಾರ್ಥಕವಾದೀತು.